ಬಿಸಿಲು ಬೀಳದ ಕೊಳ

ಬಂಟ್ವಾಳ
13 ಆಗಸ್ಟ್ 2025, ಬುಧವಾರ

ಫಾಝಿಲ್ ಅವರಿಗೆ,

ಅಸ್ಸಲಾಮು ಅಲೈಕುಮ್. ಸಲಾಂ ಇಲ್ಲದೆಯೇ ಶುರು ಮಾಡಬೇಕೆಂದು ಕೂತಿದ್ದೆ. ಎಷ್ಟೇ ಕೋಪ ಬಂದರೂ ಸಲಾಂ ಬಿಡಬೇಡ ಎಂದು ಮದುವೆಯಾದ ಹೊಸತರಲ್ಲಿ ನಿಮ್ಮ ಉಮ್ಮ ನನಗೆ ಹೇಳಿಕೊಟ್ಟಿದ್ದರು. ಅವರ ಮರ್ಯಾದೆಗಾಗಿ ಬರೆದಿದ್ದೇನೆ. ಊಟ ಆಯಿತಾ, ಅಲ್ಲಿ ಸೆಕೆ ಹೇಗಿದೆ ಎಂಬ ಸಾಲುಗಳನ್ನು ನೀವೇ ಊಹಿಸಿಕೊಳ್ಳಿ. ಅವನ್ನೆಲ್ಲ ಬರೆಯುವ ತಾಳ್ಮೆ ನನಗಿಲ್ಲ.

ಫೋನು ಇರುವಾಗ ಪತ್ರ ಯಾಕೆ ಎಂದು ನೀವು ಕೇಳುತ್ತೀರಿ. ಫೋನಿನಲ್ಲಿ ನನ್ನ ದನಿ ಏರಿದ ಕೂಡಲೇ ನಿಮಗೆ ಸಿಗ್ನಲ್ ಸಿಗುವುದಿಲ್ಲ. ವಾಯ್ಸ್ ಮೆಸೇಜು ಕಳಿಸಿದರೆ ವೇಗ ಹೆಚ್ಚಿಸಿ ಕೇಳಿ, ಒಂದು ಹೆಬ್ಬೆರಳು ಕಳಿಸಿ ಕೈ ತೊಳೆದುಕೊಳ್ಳುತ್ತೀರಿ. ಪತ್ರವನ್ನು ಹಾಗೆ ಓಡಿಸಲು ಆಗುವುದಿಲ್ಲ. ಇದನ್ನು ನಮ್ಮ ಬ್ಯಾರಿ ಭಾಷೆಯಲ್ಲಿ ಬಾಯಿ ಬಿಟ್ಟು ಹೇಳಿದ್ದರೆ ಇನ್ನೂ ಖಾರವಾಗಿರುತ್ತಿತ್ತು. ಬರೆಯಲು ಕೂತರೆ ನಮ್ಮ ಕೈ ಕನ್ನಡಕ್ಕೇ ಹೋಗುತ್ತದೆ, ಕನ್ನಡದಲ್ಲಿ ನಾನು ಸ್ವಲ್ಪ ಸಭ್ಯಳಾಗುತ್ತೇನೆ. ಅದು ನಿಮ್ಮ ಅದೃಷ್ಟ.

ಪಕ್ಕದ ಮನೆಯ ಹಾರಿಸ್ ನಾಳೆ ರಾತ್ರಿಯ ವಿಮಾನಕ್ಕೆ ದಮ್ಮಾಮ್‌ಗೆ ಹೊರಡುತ್ತಾನೆ. ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ಶುಕ್ರವಾರ ಬೆಳಗ್ಗೆ ಮದ್ರಸದ ಅಂಗಳದಲ್ಲಿ ಬಾವುಟ ಹಾರಿಸಿ ಆಗಿರುತ್ತದೆ, ಅಲ್ಲಿ ನಾನು ಆಡಬೇಕಾದ ಮಾತೂ ಮುಗಿದಿರುತ್ತದೆ. ಬೇಕೆಂದೇ ಹೀಗೆ ಮಾಡಿದ್ದೇನೆ. ಮುಂಚೆ ಗೊತ್ತಾದರೆ ನೀವು ಇಡೀ ಊರಿಗೆ ಫೋನು ಮಾಡಿ ನನ್ನ ಬಾಯಿ ಮುಚ್ಚಿಸುತ್ತೀರಿ.

ಮೊದಲು ಮಿನ್ಹಾಳ ವಿಷಯ. ಚಾರ್ಮಾಡಿಯಲ್ಲಿರುವ ನಿಮ್ಮ ತಂಗಿ ರಾಫಿಯಾಳ ಮಗಳು ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಕಾಮಾಲೆ. ಮಳೆಗಾಲದಲ್ಲಿ ಎಲ್ಲರಿಗೂ ಬರುತ್ತದೆ ಎಂದು ನೀವು ಫೋನಿನಲ್ಲಿ ಹೇಳಿದಿರಂತೆ. ಭಾನುವಾರ ನಾನು ಹೋಗಿ ನೋಡಿ ಬಂದೆ. ಮಗುವಿನ ಕಣ್ಣಿನ ಬಿಳಿಭಾಗ ಅರಸಿನ ಹಚ್ಚಿದ ಹಾಗೆ ಆಗಿದೆ. ಗಂಜಿ ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಈಗ ಪರವಾಗಿಲ್ಲ, ಅಪಾಯ ದಾಟಿದೆ ಎಂದು ಡಾಕ್ಟರು ಹೇಳಿದ್ದಾರೆ. ಬಾವಿಯ ನೀರನ್ನು ಕುದಿಸದೆ ಕೊಟ್ಟಿದ್ದೀರಾ ಎಂದು ಅವರು ಕೇಳಿದಾಗ ರಾಫಿಯಾ ನನ್ನ ಮುಖ ನೋಡಿದಳು. ಕುದಿಸುವ ಅಗತ್ಯ ಇಲ್ಲ ಅಂತ ಅಣ್ಣ ಕಳಿಸಿದ ಪುಡಿಯ ಪ್ಯಾಕೆಟಿನಲ್ಲಿ ಬರೆದುಂಟಲ್ಲ ಅತ್ತಿಗೆ, ನಿಮ್ಮ ಫೋಟೋ ನೋಡಿಯೇ ನಾನು ಹಾಕಿದ್ದು ಎಂದಳು. ಅವಳು ನನ್ನನ್ನು ದೂರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು.

ಒಂದು ಹೊತ್ತು ಆ ಪುಡಿ ನೀರಿನ ಜೊತೆ ಹೊಟ್ಟೆಗೆ ಹೋದರೆ ಯಾರೂ ಸಾಯುವುದಿಲ್ಲ. ಗೊತ್ತಿದ್ದೇ ಹೇಳುತ್ತಿದ್ದೇನೆ. ಆದರೆ ಪುಡಿ ಹಾಕಿದ್ದೇವೆ, ನೀರು ಶುದ್ಧವಾಗಿದೆ ಎಂದು ನಂಬಿ ಒಲೆಯ ಮೇಲಿಂದ ಪಾತ್ರೆ ಇಳಿಸಿದರಲ್ಲ, ಅಲ್ಲೇ ಕೆಟ್ಟದ್ದು. ಮಳೆನೀರು ನುಗ್ಗಿ ಬಾವಿ ಕೆಟ್ಟಿತ್ತು. ನಿಮ್ಮ ಪುಡಿ ಅದನ್ನು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಮಾಡಿತು, ಆಮೇಲೆ ತಳಕ್ಕೆ ಹೋಗಿ ಕೂತಿತು. ರೋಗ ಇದ್ದಲ್ಲೇ ಇತ್ತು. ಪುಡಿ ಕೆಲಸ ಮಾಡ್ತಾ ಉಂಟು ಎಂದು ರಾಫಿಯಾಳ ಮನೆಯವರು ಸಂತೋಷಪಟ್ಟರಂತೆ.

ಇನ್ನು ಆರಂಭದಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ನಿಮಗೆ ಗೊತ್ತಿರುವುದು ಬೇರೆ, ನಡೆದದ್ದು ಬೇರೆ.

ಪೆರ್ನಾಲ್ ಹಬ್ಬ ಮುಗಿಸಿ ರಜೆಯಲ್ಲಿದ್ದಾಗ ನೀವು ನನ್ನನ್ನು ಕರೆದೊಯ್ಯಲು ಕಾರು ತೆಗೆದುಕೊಂಡು ಮಿಜಾರಿನ ನಮ್ಮ ಕಾಲೇಜಿಗೆ ಬಂದಿರಿ. ದಿನವೂ ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಹೋಗುವವಳಿಗೆ ಅದೇ ದೊಡ್ಡ ಹಬ್ಬ. ಪ್ರಯೋಗಾಲಯದ ವರಾಂಡದಲ್ಲಿ, ಬಿಸಿಲಲ್ಲಿ, ನೀಲಿ ಬಣ್ಣ ಕಲಸಿದ ನೀರನ್ನು ಗಾಜಿನ ಪಾತ್ರೆಯಲ್ಲಿ ಇಟ್ಟಿದ್ದೆ. ಚಿಟಿಕೆ ಪುಡಿ ಹಾಕಿ ಕಲಕಿದೆ. ನಾವು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು, ನೀವು ಇನ್ನೊಂದು ಬನ್ಸು ಬೇಕೆಂದು ತಡ ಮಾಡಿ, ವಾಪಸು ಬರುವಾಗ ನೀಲಿ ಹೋಗಿ ಪುಡಿ ತಳದಲ್ಲಿ ಕೂತಿತ್ತು. ನೀವು ಚಿಕ್ಕ ಹುಡುಗನ ಹಾಗೆ ಬಗ್ಗಿ ನೋಡಿದಿರಿ. ನನಗೆ ಎಷ್ಟು ಹೆಮ್ಮೆಯಾಯಿತೆಂದು ಈಗ ನೆನೆದರೆ ಸಿಟ್ಟು ಬರುತ್ತದೆ. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಣಗಳು ಇವು, ಬಿಸಿಲು ಬಿದ್ದರೆ ಎಚ್ಚರವಾಗುತ್ತವೆ, ನೀರಿನಲ್ಲಿರುವ ಕೊಳೆಯನ್ನು ಒಡೆದು ಹಾಕುತ್ತವೆ ಎಂದು ವಿವರಿಸಿದೆ. ನಿಮ್ಮ ಉಮ್ಮನ ಹತ್ತಿರ ಕೇಳಿ ತಂದ ಹಲಸಿನ ಸಿಪ್ಪೆಯ ಇದ್ದಿಲನ್ನು ಅದರಲ್ಲಿ ಬೆರೆಸಿದ್ದೇನೆ, ಅದೇ ಪುಡಿಯನ್ನು ತಗಡಿಗೆ ಹಚ್ಚಿದರೆ ಬ್ಯಾಟರಿಯಂತೆ ಕರೆಂಟನ್ನೂ ಹಿಡಿದಿಡುತ್ತದೆ ಎಂದು ಚಿಕ್ಕ ಬಲ್ಬು ಉರಿಸಿ ತೋರಿಸಿದೆ. ನೀವು ಎಲ್ಲವನ್ನೂ ವೀಡಿಯೊ ಮಾಡಿದಿರಿ. ಬಿಸಿಲು ಎಂಬ ಪದವನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನ ಕಾರಿನ ಹಿಂದಿನ ಸೀಟಿನಲ್ಲಿ ಪುಡಿಯ ಡಬ್ಬಿ ಇತ್ತು. ಬೇರೆ ಕಡೆಯ ದೊಡ್ಡ ಯಂತ್ರದಲ್ಲಿ ಪರೀಕ್ಷೆ ಮಾಡಿಸಲು ಕಳಿಸಬೇಕಾದದ್ದು, ಇಡೀ ಬೇಸಿಗೆ ಕುಲುಮೆಯ ಮುಂದೆ ಕೂತು ಮಾಡಿದ್ದು. ನನ್ನನ್ನು ಒಂದು ಮಾತು ಕೇಳದೆ ಅದನ್ನು ಒಯ್ದು ಮಸೀದಿಯಲ್ಲಿ ನಮಾಝಿಗೆ ಮುಂಚೆ ಕೈಕಾಲು ತೊಳೆದು ವುಝೂ ಮಾಡುವ ಕೊಳಕ್ಕೆ ಸುರಿದಿರಿ. ಕೊಳದ ನೀರು ಪಾಚಿಗಟ್ಟಿ ಹಸಿರಾಗಿದೆ, ಎಲ್ಲರೂ ಗೊಣಗುತ್ತಿದ್ದಾರೆ, ಉಪ್ಪ ಕಮಿಟಿಯ ಅಧ್ಯಕ್ಷರಾಗಿ ಏನೂ ಮಾಡುತ್ತಿಲ್ಲ ಎಂಬ ಮಾತು ಬರುತ್ತಿದೆ, ನನ್ನ ಹೆಂಡತಿಯ ಪುಡಿಯಿಂದ ಮರ್ಯಾದೆ ಉಳಿಯಲಿ ಎಂದು ಮಾಡಿದ್ದಂತೆ. ಜನ ಆ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಾರೆ, ಮೂಗಿಗೆ ಎಳೆದುಕೊಳ್ಳುತ್ತಾರೆ. ಅದು ಯೋಚನೆಗೇ ಬರಲಿಲ್ಲವೇ?

ಅದಕ್ಕಿಂತ ದೊಡ್ಡ ವಿಷಯ, ಆ ಕೊಳದ ಮೇಲೆ ಹಂಚಿನ ಮಾಡು ಇದೆ. ನಿಮ್ಮ ಅಜ್ಜನ ಕಾಲದಿಂದ ಇದೆ. ಅಲ್ಲಿ ನಡು ಮಧ್ಯಾಹ್ನವೂ ಕಾಲು ತಂಪಾಗುತ್ತದೆ ಎಂದು ನೀವೇ ಹೊಗಳುತ್ತೀರಿ. ಪಾಚಿಗೆ ಬದಿಯಿಂದ ಬರುವ ಅರೆಬೆಳಕು ಸಾಕು, ನನ್ನ ಪುಡಿಗೆ ಸಾಲದು. ಬಿಸಿಲಿಲ್ಲದ ಜಾಗದಲ್ಲಿ ಅದು ಬರೀ ಬೂದಿ. ಇಷ್ಟು ಗೊತ್ತಿಲ್ಲದೆ ಅಲ್ಲಿ ಸುರಿಯಲು ನಿಮ್ಮಂಥ ದಡ್ಡನಿಗೇ ಸಾಧ್ಯ.

ಆದರೆ ಆ ವಾರದ ಶುಕ್ರವಾರ ಜುಮಾ ನಮಾಝಿಗೆ ಬಂದವರೆಲ್ಲ ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು ನೋಡಿದರು. ನೀವು ಹಿಂದಿನ ದಿನವೇ ವಿಮಾನ ಹತ್ತಿದ್ದಿರಿ. ದಮ್ಮಾಮ್‌ನಿಂದ ಫೋನಿನ ಎಲ್ಲ ಗುಂಪುಗಳಿಗೂ ಪ್ರಯೋಗಾಲಯದ ಆ ವೀಡಿಯೊ ಕಳಿಸಿದಿರಿ. ಅಂಗಡಿಯ ಹನೀಫಾ ದಾರಿಯಲ್ಲಿ ನನ್ನನ್ನು ನಿಲ್ಲಿಸಿ, ಕರೆಂಟು ಕೂಡ ಉಂಟಂತಲ್ಲ ಇದರಲ್ಲಿ, ವುಝೂ ಮಾಡುವಾಗ ಶಾಕ್ ಹೊಡೆಯುದಿಲ್ಲ ಅಲ್ವಾ ಎಂದು ಕೇಳಿದ. ಇಲ್ಲ ಎಂದು ಹೇಳಿ ಮನೆಗೆ ಬಂದೆ. ಪುಡಿಯಿಂದ ಆ ಕೊಳ ತಿಳಿಯಾಗುವುದು ಸಾಧ್ಯವೇ ಇಲ್ಲ, ಅಲ್ಲಿ ಬಿಸಿಲಿಲ್ಲ ಎಂದು ನಾನು ಫೋನಿನಲ್ಲಿ ನಿಮಗೆ ಹೇಳಿದೆ. ಮಸೀದಿಯ ನೀರಲ್ವಾ ಮಾರಾಯ್ತಿ, ದೇವರ ಬರ್ಕತ್ ಉಂಟು, ಜನ ಕಣ್ಣಾರೆ ನೋಡಿದ್ದಾರೆ ಎಂದಿರಿ.

ಆಮೇಲೆ ನಡೆದದ್ದಕ್ಕೆ ನನಗೆ ನಿಮ್ಮ ಮೇಲಿರುವ ಕೋಪ ಯಾವ ನೀರಿನಲ್ಲೂ ಕರಗುವುದಿಲ್ಲ. ನನಗೂ ಆಸೆ ಹುಟ್ಟಿತು. ಇಷ್ಟು ಜನ ನೋಡಿದ್ದಾರೆ, ನನಗೇ ಗೊತ್ತಿಲ್ಲದ ಏನೋ ಆ ಪುಡಿಯಲ್ಲಿ ಇದ್ದರೆ, ಅರೆಬೆಳಕಿನಲ್ಲೂ ಅದು ಕೆಲಸ ಮಾಡುವುದಾದರೆ ಎಂದು. ಹಾಗಿದ್ದರೆ ಅದು ಸಣ್ಣ ಸಂಗತಿಯಲ್ಲ. ಮನೆಯೊಳಗಿನ ಟ್ಯಾಂಕಿಯ ನೀರು, ಮಳೆಗಾಲದ ನೀರು, ಎಲ್ಲದಕ್ಕೂ ಉಪಯೋಗವಾಗುತ್ತಿತ್ತು. ಮಾಡುತ್ತಿದ್ದ ಕೆಲಸ ಬದಿಗಿಟ್ಟು ಮತ್ತೆ ಪುಡಿ ಮಾಡಿದೆ. ಗಾಜಿನ ಪಾತ್ರೆಗಳನ್ನು ಮೇಜಿನ ಕೆಳಗೆ, ಮೆಟ್ಟಿಲ ಅಡಿಯಲ್ಲಿ, ಪರದೆಯ ಹಿಂದೆ ಇಟ್ಟು ಕಾದೆ. ನೀಲಿ ನೀರು ನೀಲಿಯಾಗಿಯೇ ಇತ್ತು. ಜೊತೆಗೆ ಕೆಲಸ ಮಾಡುವ ಸ್ವರ್ಣಲತಾ ಮೊದಲು ತಮಾಷೆ ಮಾಡಿದರು, ಆಮೇಲೆ ನನಗೆ ನೋವಾದೀತೆಂದು ಪಾತ್ರೆ ತೊಳೆಯಲು ಕೈ ಜೋಡಿಸಿದರು. ಕುಲುಮೆಯ ಬಿಸಿ ತಪ್ಪಿತೇ, ಇದ್ದಿಲು ಹೆಚ್ಚಾಯಿತೇ ಎಂದು ನಾನು ನನ್ನ ಮೇಲೆಯೇ ಸಂಶಯಪಟ್ಟೆ. ವರ್ಷಗಟ್ಟಲೆ ಮಾಡಿದ ಕೆಲಸದ ಮೇಲೆ ನನಗಿದ್ದ ನಂಬಿಕೆ ಅಲುಗಾಡಿತು. ಆ ದಿನಗಳಲ್ಲಿ ನೀವು ಪ್ರತಿ ಸಂಜೆ ಫೋನು ಮಾಡಿ, ಇವತ್ತು ನೆರಳಲ್ಲಿ ಏನಾದರೂ ಆಯ್ತಾ ಎಂದು ಕೇಳುತ್ತಿದ್ದಿರಿ. ಮದುವೆಯಾದ ಮೇಲೆ ನೀವು ನನ್ನ ಕೆಲಸದ ಬಗ್ಗೆ ಕೇಳಿದ್ದು ಆಗಲೇ. ಅದೊಂದೇ ಖುಷಿ ನನಗೆ.

ಜೂನ್‌ನಲ್ಲಿ ಸ್ವರ್ಣಲತಾ ಬಂಟ್ವಾಳಕ್ಕೆ ಬಂದವರು ಹನೀಫಾನ ಅಂಗಡಿಯಲ್ಲಿ ಒಂದು ಪ್ಯಾಕೆಟ್ ನೋಡಿ, ನಿಮ್ಮ ಫೋಟೋ ಉಂಟಲ್ಲ ಮೇಡಂ ಎಂದು ತಂದು ಕೊಟ್ಟರು. ನಾನು ಪಿಎಚ್.ಡಿ. ಗೌನು ಹಾಕಿದ ದಿನ ನಾವಿಬ್ಬರೂ ನಿಂತಿದ್ದ ಫೋಟೋದಲ್ಲಿ ನಿಮ್ಮನ್ನು ಕತ್ತರಿಸಿ ನನ್ನನ್ನು ಉಳಿಸಿದ್ದಿರಿ. ಬಾವಿ, ಟ್ಯಾಂಕಿ, ಕೊಳ ಯಾವುದಕ್ಕೂ ಆಗುತ್ತದೆ, ಕುದಿಸುವ ಅಗತ್ಯವಿಲ್ಲ ಎಂದು ಅಚ್ಚಾಗಿತ್ತು. ಒಳಗೆ ಹಾಲಿನಂತೆ ಬಿಳಿ ಪುಡಿ. ನನ್ನದು ಬೂದಿ ಬಣ್ಣದ್ದು, ಅದನ್ನು ಸುರಿದವರೇ ನೀವು. ಕೇಳಿದರೆ, ನಮ್ಮ ಪೇಂಟ್ ಕಂಪನಿಯಲ್ಲಿ ಉಪಯೋಗಿಸುವ ಟೈಟಾನಿಯಂ ಪುಡಿಯೇ, ನಿನ್ನದಕ್ಕೂ ಇದಕ್ಕೂ ಹೆಸರು ಒಂದೇ ಅಲ್ವಾ ಎಂದಿರಿ. ಹೆಸರು ಒಂದೇ, ಸ್ವಭಾವ ತದ್ವಿರುದ್ಧ. ಗೋಡೆಗೆ ಹಚ್ಚಿದ ಬಣ್ಣವನ್ನು ಬಿಸಿಲಲ್ಲಿ ಒಡೆದು ಹಾಕಬಾರದೆಂದು ನಿಮ್ಮ ಕಂಪನಿಯವರು ಅದರ ಪ್ರತಿ ಕಣಕ್ಕೂ ಚಿಪ್ಪು ಹಾಕಿ ಸುಮ್ಮನಿರಿಸುತ್ತಾರೆ. ನಿಮ್ಮ ಪುಡಿ ಬಿಸಿಲಲ್ಲಿ ಏನೂ ಮಾಡದಿದ್ದರೇ ಅದು ಒಳ್ಳೆಯ ಪುಡಿ. ಗೋಡೆಗೆ ಹಚ್ಚುವುದನ್ನು ಸ್ವಂತ ತಂಗಿಯ ಬಾವಿಗೆ ಕಳಿಸಿದಿರಿ. ಮಾರಬೇಡಿ ಎಂದು ಆ ದಿನವೇ ಹೇಳಿದೆ, ನೀವು ನಿಲ್ಲಿಸಿದ್ದೇವೆ ಎಂದಿರಿ. ನಾನು ನಂಬಿದೆ. ಚಾರ್ಮಾಡಿಗೆ ಆಗಲೇ ಪ್ಯಾಕೆಟ್ ಹೋಗಿದೆ ಎಂದು ನನಗೆ ಯಾರು ಹೇಳಿದರು?

ಈಗ ಕೊಳದ ಸತ್ಯ. ಆಸ್ಪತ್ರೆಯಿಂದ ಬಂದು ನಾನು ಚಾವಡಿಯಲ್ಲಿ ಕೂತು, ನಿಮ್ಮ ಉಪ್ಪ, ನನ್ನ ಮಾಮ, ಎದುರಿಗಿರುವುದನ್ನೂ ಲೆಕ್ಕಿಸದೆ, ಆ ಕೊಳ ಹೇಗೆ ತಿಳಿಯಾಯಿತೆಂದು ಗೊತ್ತಾಗದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ ಎಂದು ಅತ್ತುಬಿಟ್ಟೆ. ಅವರು ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕಡೆಗೆ, ನಾನೇ ಖಾಲಿ ಮಾಡಿಸಿದ್ದು ಮಗಳೇ ಎಂದರು. ಮೆಟ್ಟಿಲು ರಿಪೇರಿ ಉಂಟು, ಎಲ್ಲರೂ ನಳ್ಳಿಯಲ್ಲಿ ವುಝೂ ಮಾಡಿ ಎಂದು ಹೇಳಿ, ಮಸೀದಿಯ ಕೆಲಸ ನೋಡುವ ಶಾಹುಲ್ ಹಮೀದ್‌ನನ್ನು ಜೊತೆಗಿಟ್ಟುಕೊಂಡು, ಗುರುವಾರ ಪಂಪಿಟ್ಟು ನೀರೆಲ್ಲ ಹೊರಗೆ ಹಾಕಿದರಂತೆ. ಪಾಚಿ ಉಜ್ಜಿ, ಬೋರಿನ ನೀರು ತುಂಬಿಸಿದರಂತೆ. ಪುಡಿ ಬಿದ್ದ ಮೇಲೆ ನೀರು ಹಸಿರಿನ ಜೊತೆಗೆ ಬೂದಿಯೂ ಆಗಿತ್ತು, ಜನ ನಗಲು ಶುರು ಮಾಡಿದ್ದರು. ನಿನ್ನ ಓದಿಗೆ ಯಾರೂ ನಗಬಾರದು ಅಂತ ಮಾಡಿದೆ, ಇಷ್ಟು ದೂರ ಹೋಗ್ತದೆ ಅಂತ ಯೋಚಿಸಲಿಲ್ಲ ಎಂದರು. ಸ್ಲೇಟು ಒಡೆದ ಹುಡುಗನ ಹಾಗೆ ತಲೆ ತಗ್ಗಿಸಿ ಕೂತರು. ಅವರ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಆಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿಮ್ಮ ಉಮ್ಮ ಮಾತ್ರ, ಇದನ್ನು ಆ ದಿನವೇ ಹೇಳ್ಲಿಕ್ಕೆ ಬಾಯಿಗೆ ಏನಾಗಿತ್ತು ಎಂದು ಅವರಿಗೆ ಚೆನ್ನಾಗಿ ಉಗಿದರು.

ಈಗ ಅರ್ಥವಾಯಿತೇ? ನೀವು ತಿಂಗಳುಗಟ್ಟಲೆ ನಂಬಿ ಮೆರೆದದ್ದು ಪಂಪಿನ ಕೆಲಸವನ್ನು. ನಿಮಗೇನೂ ಗೊತ್ತಿರಲಿಲ್ಲ, ನಿಮ್ಮ ಉಪ್ಪ ನಿಮಗೂ ಮೋಸ ಮಾಡಿದರು, ಪ್ರೀತಿಯಿಂದ. ನಿಮ್ಮ ತಪ್ಪು ನಂಬಿದ್ದು, ಕೇಳಿಸಿಕೊಳ್ಳದೇ ಇದ್ದದ್ದು, ಬಾಯಿ ಬಿಟ್ಟದ್ದು. ಇದನ್ನು ಬರೆಯುವಾಗ ಸ್ವಲ್ಪ ಸಮಾಧಾನವಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ದಡ್ಡ ಗಂಡನ ಜೊತೆ ಬಾಳುವೆ ಮಾಡಬಹುದು.

ನೀವು ನಿಲ್ಲಿಸಿದ್ದೇವೆ ಎಂದ ಪ್ಯಾಕೆಟುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಹನೀಫಾನ ಗೋಡೌನಿನಲ್ಲಿವೆ ಎಂದು ಈ ಸೋಮವಾರ ಗೊತ್ತಾಯಿತು. ಶುಕ್ರವಾರ ಮದ್ರಸದಲ್ಲಿ ಬಾವುಟ ಹಾರಿಸಿದ ಮೇಲೆ ಮಕ್ಕಳ ಹಾಡು, ಲಡ್ಡು, ಆಮೇಲೆ ಪ್ಯಾಕೆಟ್ ಬಿಡುಗಡೆ. ವಿಜ್ಞಾನಿ ಸೊಸೆಯಿಂದ ಎರಡು ಮಾತು ಎಂದು ಕರಪತ್ರದಲ್ಲಿ ಹಾಕಿದ್ದಾರೆ. ಪುತ್ತಿಗೆಯಿಂದ, ಬೆಳ್ತಂಗಡಿಯಿಂದ ಕೂಡ ಜನ ಬರುತ್ತಾರಂತೆ. ನಿನ್ನೆ ನೀವು ಫೋನು ಮಾಡಿ, ಎರಡು ಒಳ್ಳೆಯ ಮಾತು ಹೇಳು, ಉಳಿದದ್ದನ್ನು ರಜೆಗೆ ಬಂದಾಗ ನೋಡುವ ಎಂದಿರಿ. ನಿಮ್ಮ ರಜೆಯವರೆಗೆ ಕಾಯಲು ಆ ಪುಡಿ ಒಯ್ಯುವ ಮನೆಗಳ ಮಕ್ಕಳಿಗೆ ಹೇಳಲು ಆಗುತ್ತದೆಯೇ?

ಅಲ್ಲಿ ಹೀಗೆ ಹೇಳುತ್ತೇನೆ. ಈ ಪುಡಿ ನನ್ನದಲ್ಲ. ಇದು ನೀರನ್ನು ಶುದ್ಧ ಮಾಡುವುದಿಲ್ಲ. ನನ್ನ ಸ್ವಂತ ಪುಡಿ ಕೂಡ ಇನ್ನೂ ಕುಡಿಯುವ ನೀರಿಗೆ ಹಾಕುವ ಹಂತಕ್ಕೆ ಬಂದಿಲ್ಲ. ಹಾಕಿದವರು ಬಾವಿ ತೊಳೆಸಿ, ನೀರು ಕುದಿಸಿಯೇ ಕುಡಿಯಿರಿ. ಕೊಳ ಪುಡಿಯಿಂದ ತಿಳಿಯಾದದ್ದಲ್ಲ. ಇದಿಷ್ಟನ್ನು ಮಿನ್ಹಾಳ ಹೆಸರು ಹೇಳಿಯೇ ಹೇಳುತ್ತೇನೆ, ರಾಫಿಯಾ ಒಪ್ಪಿದ್ದಾಳೆ. ನಿಮ್ಮ ಹೆಸರು ಮಾತ್ರ ಹೇಳುವುದಿಲ್ಲ. ತಿಳಿಯದೆ ಆದ ತಪ್ಪು ಎಂದು ನನ್ನ ಮೇಲೆಯೇ ಹಾಕಿಕೊಂಡು ಇಳಿಯುತ್ತೇನೆ. ಕಾಲೇಜಿನಲ್ಲಿ ವಿವರಣೆ ಕೇಳಿದರೆ ಅದನ್ನೂ ನಾನೇ ಕೊಡುತ್ತೇನೆ. ಹನೀಫಾ ಪೆಟ್ಟಿಗೆಗಳನ್ನು ಹಿಂದೆ ಕಳಿಸಲು ಒಪ್ಪಿದ್ದಾನೆ, ಬಾಯಿ ತುಂಬ ಬೈದು ಒಪ್ಪಿದ್ದಾನೆ.

ಆಮೇಲೆ ನೀವು ರಜೆಗೆ ಬನ್ನಿ. ಮೊದಲು ಚಾರ್ಮಾಡಿಗೆ ಹೋಗಿ ಆ ಮಗುವಿನ ಎದುರು ಕೂತುಕೊಳ್ಳಿ. ಮತ್ತೆ ಮಿಜಾರಿಗೆ ಬನ್ನಿ. ಎರಡು ಪಾತ್ರೆಯಲ್ಲಿ ನೀಲಿ ನೀರು ಇಡುವ, ಒಂದು ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ. ಈ ಸಲ ವೀಡಿಯೊ ಬೇಡ, ಕಿವಿ ಸಾಕು. ಕೋಪ ಆಮೇಲೆಯೂ ಇರುತ್ತದೆ, ಆದರೆ ಬದಿಯಲ್ಲಿ ಕೂತು ಕೋಪ ಮಾಡಿಕೊಳ್ಳಲು ಮನುಷ್ಯ ಬೇಕಲ್ಲ.

ಬೈದು ಮುಗಿಯದಿದ್ದರೂ ಇಲ್ಲಿಗೆ ನಿಲ್ಲಿಸುತ್ತಿರುವ,
ನಿಮ್ಮ
ರಶೀನಾ

ತಾ. ಕ.: ಪತ್ರದಲ್ಲಿ ಮಾಮನ ವಿಷಯ ಇರುವುದರಿಂದ ಅವರಿಗೆ ತಿಳಿಸದೆ ಕಳಿಸುವುದು ಸರಿಯಲ್ಲ ಎನಿಸಿತು. ಸಂಜೆಯ ಅಸರ್ ನಮಾಝ್ ಮುಗಿಸಿ ಬಂದವರನ್ನು ಕೂರಿಸಿ ಓದಿ ಹೇಳಿದೆ. ನಿಮಗೇನೂ ಗೊತ್ತಿರಲಿಲ್ಲ ಎಂದು ಬರೆದಲ್ಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. ಅದನ್ನು ಬರೀಬೇಡ ಮಗಳೇ, ಅವನಿಗೆ ಗೊತ್ತುಂಟು ಎಂದರು. ಆ ಗುರುವಾರ ಬೆಳಗ್ಗೆ ವಿಮಾನ ಹತ್ತುವ ಮೊದಲು ಏರ್‌ಪೋರ್ಟಿನಿಂದ ನೀವೇ ಅವರಿಗೆ ಫೋನು ಮಾಡಿದಿರಂತೆ. ನೀರು ಇನ್ನೂ ಹಾಗೇ ಉಂಟು, ಶುಕ್ರವಾರದ ಒಳಗೆ ಖಾಲಿ ಮಾಡಿಸಿ, ರಶೀನಾಗೆ ಮಾತ್ರ ಗೊತ್ತಾಗುವುದು ಬೇಡ ಎಂದು ಅತ್ತಿರಂತೆ. ಮಗ ಅತ್ತದ್ದಕ್ಕೆ ಸೋತೆ ಎಂದರು.

ಹಾಗಾದರೆ ನಿಮ್ಮನ್ನು ದಡ್ಡ ಎಂದು ಬರೆದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ರಾಫಿಯಾಳ ಬಾವಿಗೆ ಪ್ಯಾಕೆಟ್ ಕಳಿಸುವಾಗ ನಿಮಗೆ ಗೊತ್ತಿತ್ತು. ನಾನು ಮೆಟ್ಟಿಲ ಅಡಿಯಲ್ಲಿ ಪಾತ್ರೆ ಇಟ್ಟು ಕಾಯುತ್ತಿದ್ದಾಗ, ಇವತ್ತು ಏನಾದರೂ ಆಯ್ತಾ ಎಂದು ನೀವು ಕೇಳುತ್ತಿದ್ದಾಗಲೂ ಗೊತ್ತಿತ್ತು. ರಜೆಗೆ ಬನ್ನಿ ಎಂದು ಬರೆದ ಭಾಗವನ್ನು ನನ್ನ ಮಾತೆಂದು ಓದಬೇಡಿ. ಬೇರೆ ಪತ್ರ ಬರೆಯಲು ಸಮಯವಿಲ್ಲ, ಪೆಟ್ಟಿಗೆ ಕಟ್ಟಿ ಮುಗಿಸಬೇಕು, ಪತ್ರ ಕೊಡಿ ಎಂದು ಹಾರಿಸ್ ಬಂದು ಜಗಲಿಯಲ್ಲಿ ಕೂತಿದ್ದಾನೆ.

ಶುಕ್ರವಾರ ನಿಮ್ಮ ಹೆಸರನ್ನೂ ಹೇಳುತ್ತೇನೆ ಎಂದೆ. ಮಾಮ ಬೇಡ ಎಂದರು. ಸೊಸೆಯ ಬಾಯಿಂದ ಬರುವುದು ಬೇಡ, ಅವನ ಹೆಸರು ಇಟ್ಟದ್ದು ನಾನು, ನಾನೇ ಹೇಳ್ತೇನೆ ಎಂದರು.